‘ಜಾಂಗೊ’: ಬಾಖ್ ಹೆಸರಿನ ಹಿಂದೆ ಮರೆಯಾದ ಒಬ್ಬ ರೋಮಾ ಗಿಟಾರಿಸ್ಟ್

ಸಣ್ಣ ತಂಡ, ತಗ್ಗಿದ ದನಿ, ಮೊದಲೇ ಬರೆದಿಟ್ಟ ಭಾಗಗಳ ನಡುವೆ ಆ ಕ್ಷಣದಲ್ಲೇ ಹುಟ್ಟುವ ಸೋಲೋಗಳು. ಚೇಂಬರ್ ಜಾಝ್ ಅಂದ್ರೆ ಸ್ಥೂಲವಾಗಿ ಇಷ್ಟೇ. ಅದರ ಮಾತು ಬಂದಾಗ ಮೊದಲು ಕೇಳಿಬರುವ ಹೆಸರು ಅಮೆರಿಕದ ಮಾಡರ್ನ್ ಜಾಝ್ ಕ್ವಾರ್ಟೆಟ್: ಟುಕ್ಸೆಡೊ ತೊಟ್ಟು ವೇದಿಕೆಗೆ ಬರುತ್ತಿದ್ದ ನಾಲ್ವರು ಕಪ್ಪು ಸಂಗೀತಗಾರರು. ‘ಜಾಝ್‌ಗೆ ಬಾಖ್‌ನನ್ನು ಬೆರೆಸಿದವರು’ ಅಂತ ಒಂದೇ ಸಾಲಲ್ಲಿ ಇವರನ್ನು ಮುಗಿಸಿಬಿಡೋದು ವಾಡಿಕೆ. ಆ ಸಾಲು ಸುಳ್ಳಲ್ಲ, ಆದರೆ ಸಾಲದು.

ನಾಲ್ವರಲ್ಲಿ ಮೂವರು, ಲೂಯಿಸ್, ಜಾಕ್ಸನ್ ಮತ್ತು ಕ್ಲಾರ್ಕ್, ಡಿಜ್ಜಿ ಗಿಲೆಸ್ಪಿಯ ದೊಡ್ಡ ಬ್ಯಾಂಡ್‌ನಲ್ಲಿ, ಅಂದರೆ ಬಿಬಾಪ್‌ನ ಅಬ್ಬರದ ನಡುವೆ ಪಳಗಿದವರು. 1952ರಲ್ಲಿ ಈ ಹೆಸರಿಟ್ಟುಕೊಂಡಾಗ ಪಿಯಾನೊದಲ್ಲಿ ಜಾನ್ ಲೂಯಿಸ್, ವೈಬ್ರಫೋನ್‌ನಲ್ಲಿ ಮಿಲ್ಟ್ ಜಾಕ್ಸನ್, ಬೇಸ್‌ನಲ್ಲಿ ಪರ್ಸಿ ಹೀತ್, ಡ್ರಮ್ಸ್‌ನಲ್ಲಿ ಕೆನ್ನಿ ಕ್ಲಾರ್ಕ್. ಸಂಗೀತ ನಿರ್ದೇಶನ ಲೂಯಿಸ್‌ದು. ಅದೇ ವರ್ಷದ ಅವನ ‘ವೆಂಡೋಮ್’ ಫ್ಯೂಗ್ ಮಾದರಿಯದು: ಒಂದು ವಾದ್ಯ ಶುರು ಮಾಡಿದ ಧಾಟಿಯನ್ನೇ ಇನ್ನೊಂದು ಹಿಂದಿನಿಂದ ಎತ್ತಿಕೊಂಡು ಬೆನ್ನಟ್ಟುತ್ತದೆ. ಬಾಖ್ ಬರುವುದು ಇಲ್ಲಿ.

ಹಾಗಾದರೆ ಇದು ಬಿಳಿಯರನ್ನು ಮೆಚ್ಚಿಸುವ ಪ್ರಯತ್ನವಾ? ಆಗಲೂ ಆ ಗುಮಾನಿ ಇತ್ತು. ಆದರೆ ಕಾಲ ಯಾವುದು ನೋಡಿ. ನ್ಯೂಯಾರ್ಕ್‌ನ ಕ್ಲಬ್‌ಗಳಲ್ಲಿ ನುಡಿಸಲು ‘ಕ್ಯಾಬರೆ ಕಾರ್ಡ್’ ಎಂಬ ಪರವಾನಗಿ ಬೇಕಿತ್ತು; ಅದನ್ನು ಕಳೆದುಕೊಂಡು ಬಿಲ್ಲಿ ಹಾಲಿಡೇ, ಥೆಲೋನಿಯಸ್ ಮಂಕ್ ಅಂಥವರೇ ವರ್ಷಗಟ್ಟಲೆ ಅಲ್ಲಿನ ಕ್ಲಬ್‌ಗಳಿಂದ ಹೊರಗುಳಿದರು. ಶಾಲೆಗಳಲ್ಲಿ ವರ್ಣಭೇದ ಅಸಾಂವಿಧಾನಿಕ ಎಂಬ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 1954ರ ಮೇನಲ್ಲಿ. ಅಂಥ ಹೊತ್ತಲ್ಲಿ ಗ್ಲಾಸುಗಳ ಸದ್ದಿನ ನಡುವೆ ಅಲ್ಲ, ಜನ ಸುಮ್ಮನೆ ಕೂತು ಕೇಳುವ ಸಭಾಂಗಣದಲ್ಲೇ ನುಡಿಸ್ತೀವಿ ಅನ್ನೋದನ್ನು ಅನುಕರಣೆ ಅಂತ ಕರೆಯೋಕೆ ನನಗಂತೂ ಮನಸ್ಸಿಲ್ಲ.

ಅದೇ ಡಿಸೆಂಬರ್ 23ರಂದು ‘ಜಾಂಗೊ’ ಧ್ವನಿಮುದ್ರಣವಾಯಿತು, ನ್ಯೂಜೆರ್ಸಿಯ ಹ್ಯಾಕೆನ್ಸ್ಯಾಕ್‌ನಲ್ಲಿ. ಸ್ಟುಡಿಯೊ ಅಂದರೆ ಧ್ವನಿ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್‌ನ ಅಪ್ಪ-ಅಮ್ಮನ ಮನೆಯ ಹಜಾರ. ಚೇಂಬರ್ ಅಂದರೆ ಕೋಣೆ ತಾನೇ, ಹೆಸರಿಗೆ ತಕ್ಕ ಜಾಗ.

ಇದು 1953ರಲ್ಲಿ ತೀರಿಕೊಂಡ ಗಿಟಾರಿಸ್ಟ್ ಜಾಂಗೊ ರೈನ್ಹಾರ್ಟ್‌ಗೆ ಲೂಯಿಸ್ ಬರೆದ ಶ್ರದ್ಧಾಂಜಲಿ. ರೈನ್ಹಾರ್ಟ್ ಬೆಲ್ಜಿಯಂನಲ್ಲಿ ಹುಟ್ಟಿದ ರೋಮಾ ಸಮುದಾಯದವನು. 1928ರಲ್ಲಿ ಮನೆಯಾಗಿದ್ದ ಬಂಡಿಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಬಹುತೇಕ ನಿಷ್ಪ್ರಯೋಜಕವಾದರೂ ಉಳಿದವುಗಳಿಂದಲೇ ಹೊಸ ಶೈಲಿ ಕಟ್ಟಿದ. ನಾಜಿಗಳು ಯುರೋಪಿನ ರೋಮಾ ಜನರನ್ನು ಕೊಲ್ಲುತ್ತಿದ್ದಾಗ ಆಕ್ರಮಿತ ಫ್ರಾನ್ಸ್‌ನಲ್ಲಿ ಬದುಕುಳಿದ. ಈ ಧ್ವನಿಮುದ್ರಣದಲ್ಲಿ ‘ಯುರೋಪಿನ ಪ್ರಭಾವ’ ಹುಡುಕುವವರು ಬಾಖ್‌ನಲ್ಲೇ ನಿಂತುಬಿಡ್ತಾರೆ. ಲೂಯಿಸ್ ಶೀರ್ಷಿಕೆಯಲ್ಲೇ ಹೆಸರಿಸಿರೋ ಯುರೋಪಿಯನ್ ಬೇರೆಯವನು.

ಶವಯಾತ್ರೆಯಂಥ ನಿಧಾನದ ಧಾಟಿಯಲ್ಲಿ ಶುರುವಾಗಿ ಅದಕ್ಕೇ ಮರಳುತ್ತದೆ. ನಡುವೆ ವೇಗ ಏರುತ್ತದೆ. ಅಲ್ಲಿ ಮಾಮೂಲಿ ಎಂಟರ ಬದಲು ಆರು ಬಾರ್‌ಗಳ ತುಣುಕುಗಳೂ ಇರೋದರಿಂದ ಲೆಕ್ಕ ಹಾಕುತ್ತಾ ಕೇಳುವವರು ಎಡವುತ್ತಾರೆ. ಜಾಕ್ಸನ್ ಮಾತ್ರ ಎಡವೋದಿಲ್ಲ. ಡೆಟ್ರಾಯಿಟ್‌ನ ಚರ್ಚ್ ಸಂಗೀತದಲ್ಲಿ ಬೆಳೆದ ಅವನ ಸೋಲೋದಲ್ಲಿ ಬ್ಲೂಸ್ ಎದ್ದು ಕಾಣುತ್ತದೆ. ಇದರಲ್ಲಿ ಸ್ವಲ್ಪ ಎಂಜಿನಿಯರಿಂಗೂ ಇದೆ. ವೈಬ್ರಫೋನ್‌ನ ದನಿ ನಡುಗುವುದು ಒಳಗಿನ ಮೋಟಾರ್ ತಿರುಗಿಸುವ ಬಿಲ್ಲೆಗಳಿಂದ. ಲಯೊನೆಲ್ ಹ್ಯಾಂಪ್ಟನ್ ಅದನ್ನು ಸೆಕೆಂಡಿಗೆ ಸುಮಾರು 10 ಸುತ್ತಿಗೆ ಇಟ್ಟರೆ ಜಾಕ್ಸನ್ 3.3ಕ್ಕೆ ಇಳಿಸಿದ. ಲೋಹದ ಪಟ್ಟಿಗಳು ಮನುಷ್ಯರ ಕೊರಳಿನಂತೆ ಕೇಳಿಸುವುದಕ್ಕೆ ಇದೂ ಒಂದು ಕಾರಣ.

1955ರಲ್ಲಿ ಕ್ಲಾರ್ಕ್ ಹೊರನಡೆದ. ಕಾನಿ ಕೇ ಬಂದ. 1974ರಲ್ಲಿ ಜಾಕ್ಸನ್ ಬಿಟ್ಟಾಗ ತಂಡವೇ ಮುರಿಯಿತು. ರಾಕ್ ತಾರೆಯರು ಕೋಟಿಗಟ್ಟಲೆ ಗಳಿಸುವಾಗ ನಮಗೇಕೆ ಇಷ್ಟು ಕಡಿಮೆ ಅನ್ನೋದು ಅವನ ತಕರಾರು. 1981ರಲ್ಲಿ ಮತ್ತೆ ಒಂದಾದಾಗ ಕಾರ್ಯಕ್ರಮಗಳಲ್ಲಿ ‘ಜಾಂಗೊ’ ಮರಳಿ ಬಂತು.