ಬಿಸ್ಫಾಸ್ಫೊನೇಟ್ ಮತ್ತು ವಸಡಿನ ಉರಿಯೂತ: ಮೂಳೆ ಉಳಿದ ಮಾತ್ರಕ್ಕೆ ಉರಿಯೂತ ಇಳಿಯಿತೆ?

ಹಲ್ಲಿನ ಬುಡದ ಮೂಳೆಯನ್ನು ಕರಗಿಸುವುದು ಬಹುಮಟ್ಟಿಗೆ ಬ್ಯಾಕ್ಟೀರಿಯಾ ಅಲ್ಲ, ನಮ್ಮದೇ ದೇಹ. ಪೊರ್ಫಿರೊಮೊನಾಸ್ ಜಿಂಜಿವಾಲಿಸ್‌ನಂಥ ಸೂಕ್ಷ್ಮಾಣುಗಳು ವಸಡಿನ ಸಂದಿಯಲ್ಲಿ ಬೀಡುಬಿಟ್ಟಾಗ ರಕ್ಷಣಾ ಕೋಶಗಳು ಇಂಟರ್‌ಲ್ಯೂಕಿನ್-1 ಬೀಟಾ, ಟಿಎನ್‌ಎಫ್ ಆಲ್ಫಾ ಮೊದಲಾದ ಸೈಟೊಕೈನ್‌ಗಳನ್ನು ಸ್ರವಿಸುತ್ತವೆ. ಇವು ರ್‍ಯಾಂಕ್‌ಎಲ್ ಎಂಬ ಪ್ರೋಟೀನಿನ ಮಟ್ಟವನ್ನು ಏರಿಸುತ್ತವೆ. ಅದು ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳನ್ನು ಬೆಳೆಸುತ್ತದೆ. ಮೂಳೆ ಸವೆತಕ್ಕೆ ಕೊಡುವ ಬಿಸ್ಫಾಸ್ಫೊನೇಟ್ ಮದ್ದು ತಡೆಯೊಡ್ಡುವುದು ಈ ಕೊನೆಯ ಹಂತದಲ್ಲಿ. ಅಲ್ಲಿ ತಡೆದರೆ ಮೇಲಿನ ಹಂತಗಳೂ ತಣ್ಣಗಾಗುತ್ತವೆಂದು ಊಹಿಸಿಕೊಳ್ಳುವ ಬರಹಗಳು ಸಾಕಷ್ಟಿವೆ. ಆ ಊಹೆಗೆ ಆಧಾರ ಸಾಲದು ಎಂಬುದು ಈ ಲೇಖನದ ವಾದ.

ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನೇ ನೋಡೋಣ. ಹಲ್ಲುಗಾರೆ ತೆಗೆದು ಬೇರನ್ನು ನಯಗೊಳಿಸಿದ ಮೇಲೆ, ವಸಡಿನ ಕುಳಿಗೆ ಶೇಕಡಾ 1ರ ಅಲೆಂಡ್ರೊನೇಟ್ ಜೆಲ್ ತುಂಬಿದರು. ಬರಿಯ ಜೆಲ್ ಪಡೆದವರಿಗಿಂತ ಇವರಲ್ಲಿ ಕುಳಿಯ ಆಳ ಹೆಚ್ಚು ತಗ್ಗಿತು, ಮೂಳೆಯ ತಗ್ಗು ಹೆಚ್ಚು ತುಂಬಿತು. ಮೆಚ್ಚತಕ್ಕ ಫಲಿತಾಂಶ. ಆದರೆ ಸ್ವಚ್ಛಗೊಳಿಸುವ ಕೆಲಸ ಎರಡೂ ಗುಂಪಿಗೆ ನಡೆದಿತ್ತು. ಉರಿಯೂತದ ಮೂಲಕ್ಕೆ ಕೈಹಾಕುವುದು ಅದೇ. ಎಕ್ಸ್-ರೇಯಲ್ಲಿ ಕಂಡ ಮೂಳೆಯನ್ನು ಮದ್ದಿನ ಲೆಕ್ಕಕ್ಕೆ ಬರೆಯಬಹುದು, ಉರಿಯೂತ ಇಳಿದದ್ದನ್ನು ಅಷ್ಟು ಸುಲಭವಾಗಿ ಬರೆಯಲಾಗದು.

ಇನ್ನು ಈ ಮದ್ದುಗಳೆಲ್ಲ ಒಂದೇ ಜಾತಿಯವೂ ಅಲ್ಲ. ಕ್ಲೋಡ್ರೊನೇಟ್‌ನಲ್ಲಿ ನೈಟ್ರೊಜನ್ ಇಲ್ಲ. ಅದು ಕೋಶದೊಳಗೆ ಎಟಿಪಿಯನ್ನು ಹೋಲುವ, ಆದರೆ ಶಕ್ತಿ ಕೊಡದ ಅಣುವಾಗಿ ಮಾರ್ಪಡುತ್ತದೆ, ಮ್ಯಾಕ್ರೊಫೇಜ್‌ಗಳನ್ನು ಕುಗ್ಗಿಸುತ್ತದೆ. ಇದಕ್ಕೆ ಉರಿಯೂತ ಶಮನದ ಗುಣವಿದೆ ಎನ್ನಲು ಅಡ್ಡಿಯಿಲ್ಲ. ಅಲೆಂಡ್ರೊನೇಟ್, ಜೊಲೆಡ್ರೊನೇಟ್‌ಗಳ ದಾರಿ ಬೇರೆ. ಅವು ಮೆವಲೊನೇಟ್ ಸರಣಿಯ ಫಾರ್ನೆಸಿಲ್ ಪೈರೊಫಾಸ್ಫೇಟ್ ಸಿಂಥೇಸ್ ಕಿಣ್ವವನ್ನು ತಡೆಯುತ್ತವೆ. ಮುಂದಕ್ಕೆ ಸಾಗಲಾರದ ಐಸೊಪೆಂಟೆನಿಲ್ ಪೈರೊಫಾಸ್ಫೇಟ್ ಕೋಶದಲ್ಲಿ ಶೇಖರವಾಗಿ ಗಾಮಾ-ಡೆಲ್ಟಾ ಟಿ ಕೋಶಗಳನ್ನು ಕೆರಳಿಸುತ್ತದೆ. ಜೊಲೆಡ್ರೊನೇಟ್‌ನ ಮೊದಲ ಡ್ರಿಪ್ ಹಾಕಿಸಿಕೊಂಡವರಲ್ಲಿ ಹಲವರಿಗೆ ಜ್ವರ, ಮೈಕೈ ನೋವು ಬರುವುದು ಇದರಿಂದಲೇ. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಪ್ರಯೋಗಗಳಲ್ಲಿ ಈ ಗುಂಪಿನ ಮದ್ದುಗಳು ಇಲಿಗಳಲ್ಲಿ ಉರಿಯೂತ ಹುಟ್ಟಿಸಿದವು. ಬ್ಯಾಕ್ಟೀರಿಯಾದ ಕೋಶಭಿತ್ತಿಯ ತುಣುಕುಗಳು ಜೊತೆಗೂಡಿದಾಗ ಅದು ಮತ್ತಷ್ಟು ಉಲ್ಬಣಿಸಿತು. ಕ್ಲೋಡ್ರೊನೇಟ್ ಕೊಟ್ಟಾಗ ಅದೇ ಉರಿಯೂತ ತಗ್ಗಿತು! ಸೋಂಕಿದ ವಸಡಿನಲ್ಲಿ ಅಂಥ ತುಣುಕುಗಳಿಗೆ ಬರವಿಲ್ಲ.

ಬಿಸ್ಫಾಸ್ಫೊನೇಟ್ ಪಡೆದವರಲ್ಲಿ ಕಂಡುಬಂದ ದವಡೆ ಮೂಳೆಯ ಸಾವಿನ ಪ್ರಕರಣಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. 2003ರಲ್ಲಿ ಅಮೆರಿಕದ ರಾಬರ್ಟ್ ಮಾರ್ಕ್ಸ್ ಅಂಥ 36 ಪ್ರಕರಣಗಳನ್ನು ವರದಿ ಮಾಡಿದಾಗಿನಿಂದ ಹಲ್ಲು ಕೀಳುವುದರ ಮೇಲೆಯೇ ಹೆಚ್ಚು ಗುಮಾನಿ. ಹಲ್ಲನ್ನು ಕಿತ್ತದ್ದಾದರೂ ಏಕೆ? ಬಹಳಷ್ಟು ಸಲ ಅದರ ಬುಡ ಮೊದಲೇ ಕೀವುಗಟ್ಟಿರುತ್ತದೆ. 2011ರ ಒಂದು ಅಧ್ಯಯನದಲ್ಲಿ ಅಘಾಲೂ ಮತ್ತು ಸಂಗಡಿಗರು ಇಲಿಗಳ ದವಡೆ ಹಲ್ಲಿಗೆ ದಾರ ಕಟ್ಟಿ ವಸಡಿನ ರೋಗ ಬರಿಸಿ, ಜೊಲೆಡ್ರೊನೇಟ್ ಕೊಟ್ಟರು. ಒಂದು ಹಲ್ಲನ್ನೂ ಕೀಳದೆ ಮೂಳೆಸಾವಿನ ಲಕ್ಷಣಗಳು ಕಾಣಿಸಿಕೊಂಡವು.

ನನ್ನ ವಾದಕ್ಕೆ ಎದುರಾಗಿ ನಿಲ್ಲುವುದು ಡೆನೊಸುಮ್ಯಾಬ್. ಇದು ರ್‍ಯಾಂಕ್‌ಎಲ್ ಅನ್ನು ಹಿಡಿದಿಡುವ ಪ್ರತಿಕಾಯ. ಮೆವಲೊನೇಟ್ ಸರಣಿಯ ಗೊಡವೆ ಇದಕ್ಕಿಲ್ಲ. ಆದರೂ ದವಡೆಯ ತೊಂದರೆ ಇದರಿಂದಲೂ ಬರುತ್ತದೆ. ಹಾಗಾಗಿ ಮದ್ದು ಕೆರಳಿಸುವ ಉರಿಯೂತವೊಂದೇ ಕಾರಣ ಎನ್ನಲಾಗದು. ಎರಡೂ ಬಗೆಯ ಮದ್ದುಗಳಿಗೆ ಸಮಾನವಾದದ್ದು ಮೂಳೆಯ ದುರಸ್ತಿ ನಿಧಾನವಾಗುವುದು. ಮೂಳೆ ಸವೆತಕ್ಕೆ ಬಿಸ್ಫಾಸ್ಫೊನೇಟ್ ಪಡೆಯುವವರಲ್ಲಿ ಈ ಅಪಾಯ ತೀರಾ ಕಡಿಮೆ, ಕ್ಯಾನ್ಸರಿಗಾಗಿ ದೊಡ್ಡ ಪ್ರಮಾಣದಲ್ಲಿ ಪಡೆಯುವವರಲ್ಲಿ ಹೆಚ್ಚು. ಮೊದಲ ಡ್ರಿಪ್‌ಗೆ ಮುಂಚೆಯೇ ವಸಡಿಗೆ ಚಿಕಿತ್ಸೆ ಆಗಿರಬೇಕೆಂಬ ಸಲಹೆ ಎರಡೂ ವಿವರಣೆಗಳಿಗೆ ಹೊಂದುತ್ತದೆ. ಎರಡರಲ್ಲಿ ಯಾವುದರ ಪಾಲು ಎಷ್ಟೆಂದು ತೂಗಬೇಕಾದರೆ ಎಕ್ಸ್-ರೇ ಜೊತೆಗೆ ವಸಡಿನ ಸಂದಿಯ ದ್ರವದಲ್ಲಿ ಸೈಟೊಕೈನ್‌ಗಳನ್ನೂ ಅಳೆಯಬೇಕು, ಮದ್ದು ಶುರುವಾಗುವ ಮೊದಲೊಮ್ಮೆ, ಆಮೇಲೆ ಮತ್ತೆ ಮತ್ತೆ.