ಹತ್ತು ಸಾವಿರ ಹೆಜ್ಜೆ: ಮಣಿಕಟ್ಟಿನ ಎಣಿಕೆಯ ಬಗ್ಗೆ ಒಂದು ಟಿಪ್ಪಣಿ

ಜೋಹಾರ್ ಕಣಿವೆಯ ಶಾಲಾಮಾಸ್ತರ ನೈನ್ ಸಿಂಗ್ ರಾವತ್ 1865ರಲ್ಲಿ ಲಾಸಾದ ಕಡೆಗೆ ಹೊರಟಾಗ ಅವರ ಕೈಯಲ್ಲಿದ್ದ ಜಪಮಾಲೆಯಲ್ಲಿ 108 ಮಣಿಗಳಿರಲಿಲ್ಲ, ಸರಿಯಾಗಿ 100 ಇದ್ದವು. ಟಿಬೆಟ್ಟನ್ನು ಗುಟ್ಟಾಗಿ ಅಳೆಯುವ, ಭಾರತೀಯ ಸರ್ವೇಕ್ಷಣ ಇಲಾಖೆಯ ಕ್ಯಾಪ್ಟನ್ ಮಾಂಟ್ಗೊಮೆರಿಯ ಯೋಜನೆಯಂತೆ ಅವರಿಗೆ ಡೆಹರಾಡೂನಿನಲ್ಲಿ ತರಬೇತಿಯಾಗಿತ್ತು. ಏರಿರಲಿ ಇಳಿಜಾರಿರಲಿ, ಒಂದೇ ಅಳತೆಯ ಹೆಜ್ಜೆ ಇಡುವುದು ಆ ತರಬೇತಿಯ ಮುಖ್ಯ ಪಾಠ. ನೂರು ಹೆಜ್ಜೆಗೆ ಒಂದು ಮಣಿ ಸರಿಸಬೇಕು. ಮಾಲೆ ಒಂದು ಸುತ್ತು ಬಂದರೆ 10,000 ಹೆಜ್ಜೆ.

ಇದಾದ ನೂರು ವರ್ಷಕ್ಕೆ, 1965ರಲ್ಲಿ, ಜಪಾನಿನ ಯಾಮಾಸಾ ಎಂಬ ಗಡಿಯಾರ ಕಂಪನಿ ಸೊಂಟಕ್ಕೆ ಸಿಕ್ಕಿಸುವ ಒಂದು ಎಣಿಕೆ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ಹೆಸರು 'ಮಾನ್‌ಪೋಕೇ', ಎಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಹಿಂದಿನ ವರ್ಷವಷ್ಟೇ ಟೋಕಿಯೋ ಒಲಿಂಪಿಕ್ಸ್ ಮುಗಿದಿತ್ತು, ಜನರಲ್ಲಿ ವ್ಯಾಯಾಮದ ಉತ್ಸಾಹವಿತ್ತು. ಇವತ್ತು ಬೆಂಗಳೂರಿನ ಲಾಲ್‌ಬಾಗಿನಲ್ಲಿ ನಡೆಯುವವರ ಕೈಪಟ್ಟಿ 10,000 ಮುಟ್ಟಿದೊಡನೆ ಕಂಪಿಸಿ ಅಭಿನಂದಿಸುತ್ತದಲ್ಲ, ಆ ಸಂಖ್ಯೆ ಬಂದದ್ದು ಈ ಯಂತ್ರದ ಹೆಸರಿನಿಂದ. ನೈನ್ ಸಿಂಗರ ಮಾಲೆಗೂ ಜಪಾನಿನ ಯಂತ್ರಕ್ಕೂ ಯಾವ ನಂಟೂ ಇಲ್ಲ. ಆದರೆ ಎರಡು ಕಡೆಯೂ ಹತ್ತು ಸಾವಿರ ಎಂಬುದು ಎಣಿಸುವವರ ಅನುಕೂಲಕ್ಕೆ ಹುಟ್ಟಿದ ದುಂಡು ಸಂಖ್ಯೆ. ದೇಹವನ್ನು ಪರೀಕ್ಷಿಸಿ ಕಂಡುಕೊಂಡದ್ದಲ್ಲ.

ದೇಹವನ್ನು ಪರೀಕ್ಷಿಸಿದ ಕೆಲಸ ಬಹಳ ತಡವಾಗಿ ಬಂತು. ಸಂಶೋಧಕಿ ಐ-ಮಿನ್ ಲೀ ಮತ್ತು ಸಂಗಡಿಗರು ಅಮೆರಿಕದ 16,741 ಹಿರಿಯ ಮಹಿಳೆಯರನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ ವಯಸ್ಸು 72. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುತ್ತಿದ್ದವರಿಗೆ ಹೋಲಿಸಿದರೆ ಸುಮಾರು 4,400 ನಡೆಯುತ್ತಿದ್ದವರಲ್ಲಿ ಸಾವಿನ ಪ್ರಮಾಣ 41% ಕಡಿಮೆ ಇತ್ತು. 7,500ರ ಆಸುಪಾಸಿನಲ್ಲಿ ಲಾಭದ ರೇಖೆ ಚಪ್ಪಟೆಯಾಯಿತು. 2022ರಲ್ಲಿ 15 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 60 ದಾಟಿದವರಿಗೆ 6,000ದಿಂದ 8,000, ಅದಕ್ಕಿಂತ ಕಿರಿಯರಿಗೆ 8,000ದಿಂದ 10,000 ಹೆಜ್ಜೆಯ ಹೊತ್ತಿಗೆ ಲಾಭ ನಿಲುಗಡೆಗೆ ಬರುತ್ತದೆಂದು ತೋರಿಸಿತು. ಇವೆಲ್ಲ ವೀಕ್ಷಣೆಯ ಅಧ್ಯಯನಗಳು. ಕಾಯಿಲೆಯವರು ಕಡಿಮೆ ನಡೆಯುತ್ತಾರೆ ಎಂಬ ಅಂಶವನ್ನು ಲೆಕ್ಕದಲ್ಲಿ ಎಷ್ಟು ಸರಿಪಡಿಸಿದರೂ ಅದು ಪೂರ್ತಿ ಅಳಿಯುವುದಿಲ್ಲ. ಹಾಗಿದ್ದರೂ ಮಂಡಿ ನೋವಿನ ನಡುವೆ 4,000 ಹೆಜ್ಜೆ ನಡೆದು, ಗುರಿ ಮುಟ್ಟಲಿಲ್ಲವೆಂದು ಬೇಸರಪಡುವ ಅಜ್ಜಿಗೆ ಈ ಅಂಕಿಗಳನ್ನು ಯಾರಾದರೂ ಹೇಳಬೇಕು.

ಈ ಟಿಪ್ಪಣಿಯ ವಾದ ಇಷ್ಟು. ಅಳತೆಯಲ್ಲಿ ಎರಡು ಗುಣಗಳಿವೆ: ಸತ್ಯಕ್ಕೆ ಎಷ್ಟು ಹತ್ತಿರ ಎಂಬುದು ಒಂದು, ನಿನ್ನೆಯಂತೆಯೇ ಇಂದೂ ಅಳೆಯುತ್ತದೆಯೇ ಎಂಬುದು ಇನ್ನೊಂದು. ಮನೆಯ ತಕ್ಕಡಿ ದಿನವೂ 200 ಗ್ರಾಂ ಹೆಚ್ಚೇ ತೋರಿಸಿದರೂ ತೂಕ ಏರಿತೋ ಇಳಿಯಿತೋ ತಿಳಿಯುತ್ತದೆ. ನೈನ್ ಸಿಂಗರ ಹೆಜ್ಜೆಗೆ ಬೆಲೆ ಬಂದದ್ದೂ ಅದು ಬದಲಾಗದ ಹೆಜ್ಜೆ ಎಂಬ ಕಾರಣಕ್ಕೆ. ಫಿಟ್‌ನೆಸ್ ಬ್ಯಾಂಡ್ ತೋರಿಸುವ ಹತ್ತಾರು ಅಂಕಿಗಳಲ್ಲಿ ಈ ಎರಡನೆಯ ಗುಣ ಇರುವವು ಯಾವುವು, ಇಲ್ಲದವು ಯಾವುವು ಎಂದು ಬೇರ್ಪಡಿಸಿಕೊಂಡರೆ ಯಾವುದನ್ನು ಕೊಳ್ಳಬೇಕು, ಹೇಗೆ ಬಳಸಬೇಕು ಎಂಬ ಪ್ರಶ್ನೆಗಳು ಬಹುಪಾಲು ಪರಿಹಾರವಾಗುತ್ತವೆ.

ಹೆಜ್ಜೆಯಿಂದಲೇ ಶುರುಮಾಡೋಣ. ಬ್ಯಾಂಡಿಗೆ ಕಾಲು ಕಾಣುವುದಿಲ್ಲ, ಕೈ ಮಾತ್ರ ಗೊತ್ತು. ಒಳಗಿನ ಆಕ್ಸಿಲರೋಮೀಟರ್ ಮೂರು ದಿಕ್ಕಿನ ಚಲನೆಯನ್ನು ಗ್ರಹಿಸುತ್ತದೆ. ಆ ಏರಿಳಿತದಲ್ಲಿ ನಡಿಗೆಯ ಲಯ ಕಂಡರೆ ತಂತ್ರಾಂಶ ಅದನ್ನು ಹೆಜ್ಜೆ ಎನ್ನುತ್ತದೆ. ಆದ್ದರಿಂದ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಎರಡೂ ಕೈ ಎತ್ತಿ ಹಿಡಿದವರ ಹೆಜ್ಜೆ, ತಳ್ಳುಗಾಡಿ ನೂಕುವವರ ಹೆಜ್ಜೆ ಲೆಕ್ಕ ತಪ್ಪುತ್ತವೆ. ಇತ್ತ ಜೋಳದ ರೊಟ್ಟಿ ಬಡಿಯುವ ಕೈ, ಬಟ್ಟೆ ಕುಸುಬುವ ಕೈ ಕೂತಲ್ಲೇ, ನಿಂತಲ್ಲೇ ಹೆಜ್ಜೆ ಗಳಿಸಬಹುದು. ತೀರಾ ನಿಧಾನದ ನಡಿಗೆಯೂ ಎಣಿಕೆಯಿಂದ ಜಾರುತ್ತದೆ, ಊರುಗೋಲು ಹಿಡಿದ ಹಿರಿಯರಿಗೆ ಇದು ದೊಡ್ಡ ಕೊರತೆ. ಹಲವು ಸಾಧನಗಳು ಕೆಲವು ಹೆಜ್ಜೆ ಸತತವಾಗಿ ಬಿದ್ದ ಮೇಲೆಯೇ ಎಣಿಕೆ ಆರಂಭಿಸುವುದರಿಂದ ಅಡುಗೆಮನೆಯೊಳಗಿನ ಎರಡು ಮೂರು ಹೆಜ್ಜೆಯ ಓಡಾಟ ಪೂರಾ ದಾಖಲಾಗುವುದಿಲ್ಲ. ಈ ಎಣಿಕೆಯ ವಿಧಾನ ವಾಕಿಂಗಿಗೆ ಹೋಗುವವರಿಗೆ ಹೊಂದಿದಷ್ಟು ದುಡಿಯುವವರಿಗೆ ಹೊಂದುವುದಿಲ್ಲ. ಇದನ್ನು ಒತ್ತಿ ಹೇಳಲೇಬೇಕು, ಏಕೆಂದರೆ ಗದ್ದೆಯಲ್ಲಿ ದಿನವಿಡೀ ಬಗ್ಗಿ ನಾಟಿ ಮಾಡಿದವರ ಶ್ರಮ ಇಂಥ ಎಣಿಕೆಯಲ್ಲಿ ಬಹುಪಾಲು ಸೋಮಾರಿತನದಂತೆ ಕಾಣುತ್ತದೆ.

ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಪರದೆಯ ಅಂಕಿ ಬರೆದಿಟ್ಟುಕೊಂಡು, ಬಾಯಲ್ಲಿ ಎಣಿಸುತ್ತ 200 ಹೆಜ್ಜೆ ಸಹಜವಾಗಿ ನಡೆಯಿರಿ, ಮತ್ತೆ ಅಂಕಿ ನೋಡಿ. ಇನ್ನೆರಡು ದಿನ ಇದನ್ನೇ ಮಾಡಿ. ಮೂರು ಸಲವೂ ವ್ಯತ್ಯಾಸ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಸಾಧನ ನಂಬಿಕೆಗೆ ಯೋಗ್ಯ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬಂದರೆ ಪಟ್ಟಿಯ ಬಿಗಿ ನೋಡಿ, ಬಲಗೈ ಎಡಗೈ ಆಯ್ಕೆ ಸರಿಯಿದೆಯೇ ನೋಡಿ. ಓಡುವವರು ದೂರದ ಅಳತೆಯನ್ನು ಕ್ರೀಡಾಂಗಣದ 400 ಮೀಟರ್ ಪಥದ ಒಳಸಾಲಿನಲ್ಲಿ ಪರೀಕ್ಷಿಸಬಹುದು.

ಹೃದಯ ಬಡಿತದ ಅಳತೆ ಬೆಳಕಿನ ಕೆಲಸ. ಸಾಧನದ ಅಡಿಯ ಹಸಿರು ದೀಪ ಚರ್ಮದ ಮೇಲೆ ಬೀಳುತ್ತದೆ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುವುದರಿಂದ ಪ್ರತಿ ಮಿಡಿತಕ್ಕೂ ಹಿಂದಿರುಗುವ ಬೆಳಕು ಒಂದಿಷ್ಟು ತಗ್ಗುತ್ತದೆ, ಆ ತಗ್ಗುಗಳನ್ನೇ ಯಂತ್ರ ಎಣಿಸುತ್ತದೆ. ಸುಮ್ಮನೆ ಕೂತಾಗ ಇದು ಚೆನ್ನಾಗಿಯೇ ನಡೆಯುತ್ತದೆ. ಓಡುವಾಗ ಕೈಯ ಕುಲುಕಾಟವೂ ಬೆಳಕನ್ನು ಏರಿಳಿಸುತ್ತದೆ, ಆಗ ಯಂತ್ರ ನಾಡಿಯನ್ನು ಬಿಟ್ಟು ಹೆಜ್ಜೆಯ ಲಯವನ್ನು ಹಿಡಿದುಬಿಡುವುದುಂಟು. ಹಗುರವಾಗಿ ಓಡುತ್ತಿರುವಾಗ ಬಡಿತ ಏಕಾಏಕಿ 170ಕ್ಕೆ ಹಾರಿ ಅಲ್ಲೇ ನಿಂತರೆ, ಗಾಬರಿಗೆ ಮೊದಲು ನಿಮಿಷಕ್ಕೆ ಎಷ್ಟು ಹೆಜ್ಜೆ ಬೀಳುತ್ತಿದೆ ಎಂದು ಎಣಿಸಿ ನೋಡಬೇಕು. ಮಣಿಕಟ್ಟಿನ ಮೂಳೆಯಿಂದ ಒಂದೆರಡು ಬೆರಳು ಮೇಲೆ, ಜಾರದಷ್ಟು ಬಿಗಿಯಾಗಿ ಕಟ್ಟಿದರೆ ಈ ತೊಂದರೆ ಕಡಿಮೆ. ಬಳೆ ತೊಟ್ಟ ಕೈಯಲ್ಲಿ ಬಳೆಗಳು ಸಾಧನವನ್ನು ತಳ್ಳುತ್ತ ಸಂದಿಯಿಂದ ಹೊರಬೆಳಕನ್ನು ಬಿಡುತ್ತವೆ. ಅಂಥವರು ಬರಿಗೈಗೆ ಕಟ್ಟುವುದು ಅಥವಾ ಉಂಗುರದ ರೂಪದ ಸಾಧನ ನೋಡುವುದು ಒಳ್ಳೆಯದು. ಬೆಂಗಳೂರಿನ ಅಲ್ಟ್ರಾಹ್ಯೂಮನ್ ಕಂಪನಿ ಇಂಥ ಉಂಗುರ ತಯಾರಿಸುತ್ತದೆ. ಬಡಿತದ ಅಂಕಿಯನ್ನೇ ನೆಚ್ಚಿ ತಾಲೀಮು ಮಾಡುವ ಓಟಗಾರರಿಗೆ ಮಾತ್ರ ಎದೆಪಟ್ಟಿಯೇ ಸರಿ. ಅದು ಹೃದಯದ ವಿದ್ಯುತ್ ಸಂಕೇತವನ್ನೇ ಓದುತ್ತದೆ. ಫಿನ್ಲೆಂಡಿನ ಪೋಲಾರ್ ಕಂಪನಿ 1980ರ ದಶಕದ ಆರಂಭದಲ್ಲೇ ನಿಸ್ತಂತು ಎದೆಪಟ್ಟಿಯನ್ನು ತಂದಿತ್ತು.

ನಮ್ಮ ಮೈಬಣ್ಣದ ಪ್ರಶ್ನೆ ಇಲ್ಲಿ ಬರುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಹಸಿರು ಬೆಳಕನ್ನು ಹೀರುತ್ತದೆ. 2017ರಲ್ಲಿ ಸ್ಟ್ಯಾನ್‌ಫರ್ಡ್ ತಂಡ 60 ಜನರ ಮೇಲೆ ಏಳು ಸಾಧನಗಳನ್ನು ಪರೀಕ್ಷಿಸಿದಾಗ ಕಪ್ಪು ಚರ್ಮದವರಲ್ಲಿ ತಪ್ಪು ಹೆಚ್ಚಿತ್ತು. 2020ರ ಇನ್ನೊಂದು ಅಧ್ಯಯನ ಚರ್ಮದ ಬಣ್ಣದಿಂದ ಗಣನೀಯ ವ್ಯತ್ಯಾಸ ಕಾಣಲಿಲ್ಲ, ದೇಹ ಚಲಿಸುವುದರಿಂದ ಕಂಡಿತು ಎಂದಿತು. ಎರಡೂ ಗಂಭೀರ ಕೆಲಸಗಳೇ, ಪ್ರಶ್ನೆ ತೆರೆದೇ ಇದೆ. ರಕ್ತದ ಆಮ್ಲಜನಕದ ಅಂಕಿಯ ವಿಚಾರದಲ್ಲಿ ನನ್ನ ನಿಲುವು ಹೆಚ್ಚು ಖಚಿತ. ಆಸ್ಪತ್ರೆಯ ಆಕ್ಸಿಮೀಟರ್‌ಗಳ ಬಗ್ಗೆ 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ವರದಿಯ ಪ್ರಕಾರ, ಯಂತ್ರ 92ರಿಂದ 96% ತೋರಿಸುತ್ತಿದ್ದಾಗಲೂ ರಕ್ತ ಪರೀಕ್ಷೆಯಲ್ಲಿ 88%ಕ್ಕಿಂತ ಕಡಿಮೆ ಬಂದ ಪ್ರಕರಣಗಳು ಕಪ್ಪು ಜನರಲ್ಲಿ 11.7%, ಬಿಳಿಯರಲ್ಲಿ 3.6%. ಬೆರಳಿಗೆ ಸಿಕ್ಕಿಸುವ ಆಸ್ಪತ್ರೆಯ ಸಾಧನದ್ದೇ ಈ ಸ್ಥಿತಿಯಾದರೆ ಮಣಿಕಟ್ಟಿನ ಅಗ್ಗದ ಬ್ಯಾಂಡಿನ ಆಮ್ಲಜನಕದ ಅಂಕಿ ನೋಡಿ ಉಬ್ಬಸದ ರೋಗಿಯನ್ನು ಮನೆಯಲ್ಲೇ ಉಳಿಸಿಕೊಳ್ಳುವುದು ಅಪಾಯ.

ಅತಿ ಹೆಚ್ಚು ದಾರಿ ತಪ್ಪಿಸುವ ಅಂಕಿ ಕ್ಯಾಲರಿಯದು. ಅದೇ ಸ್ಟ್ಯಾನ್‌ಫರ್ಡ್ ಪರೀಕ್ಷೆಯಲ್ಲಿ ಏಳರಲ್ಲಿ ಆರು ಸಾಧನಗಳು ಬಡಿತವನ್ನು 5% ತಪ್ಪಿನೊಳಗೆ ಅಳೆದವು. ಕ್ಯಾಲರಿಯಲ್ಲಿ ಮಾತ್ರ ಅತ್ಯುತ್ತಮ ಸಾಧನದ ಸರಾಸರಿ ತಪ್ಪು 27%, ಕಡೆಯದರದ್ದು 93%. ಎಂದರೆ ನಿಜವಾಗಿ 300 ಕಿಲೋಕ್ಯಾಲರಿ ಖರ್ಚಾದ ನಡಿಗೆಯನ್ನು ಅತ್ಯುತ್ತಮ ಸಾಧನವೂ 219 ಎಂದೋ 381 ಎಂದೋ ತೋರಿಸಬಹುದು. ಕಾರಣ ಸರಳ: ಖರ್ಚಾದ ಶಕ್ತಿಯನ್ನು ಯಂತ್ರ ಅಳೆಯುವುದೇ ಇಲ್ಲ. ವಯಸ್ಸು, ಎತ್ತರ, ತೂಕ, ಚಲನೆ, ಬಡಿತ ಇವುಗಳಿಂದ ಊಹಿಸುತ್ತದೆ. ಈ ಊಹೆಯ ತಪ್ಪು ನಡಿಗೆಗೆ ಒಂದು ಥರ, ಸೈಕಲ್ಲಿಗೆ ಇನ್ನೊಂದು ಥರ. ಹಾಗಾಗಿ ಹೆಜ್ಜೆಯ ಎಣಿಕೆಯನ್ನು ಉಳಿಸುವ ಆ ಎರಡನೆಯ ಗುಣ ಕ್ಯಾಲರಿಗೆ ಇಲ್ಲ, ನಿನ್ನೆಯ ಈಜನ್ನೂ ಇಂದಿನ ನಡಿಗೆಯನ್ನೂ ಅದರಲ್ಲಿ ಹೋಲಿಸಲಾಗದು. 'ಇವತ್ತು 400 ಖರ್ಚಾಗಿದೆ, ಇನ್ನೊಂದು ಹೋಳಿಗೆ ತಿನ್ನಬಹುದು' ಎಂಬ ಲೆಕ್ಕಾಚಾರ ತೂಕ ಇಳಿಸಲು ಹೊರಟವರನ್ನು ಮೋಸಗೊಳಿಸುವುದು ಇಲ್ಲಿಯೇ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 471 ಯುವಜನರನ್ನು ಎರಡು ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಾಧನ ಧರಿಸಿದ ಗುಂಪು ಸರಾಸರಿ 3.5 ಕಿಲೋ ಇಳಿಸಿದರೆ, ಸಾಧನವಿಲ್ಲದೆ ಸಾಮಾನ್ಯ ಸಲಹೆ ಪಡೆದ ಗುಂಪು 5.9 ಕಿಲೋ ಇಳಿಸಿತು. ಇದರ ಕಾರಣದ ಬಗ್ಗೆ ಚರ್ಚೆಯಿದೆ. ಇದರಿಂದ ಸಾಧನ ನಿರುಪಯೋಗಿ ಎಂದು ತೀರ್ಮಾನಿಸುವುದೂ ತಪ್ಪು. 2022ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಹಿಂದಿನ ಹಲವು ವಿಮರ್ಶೆಗಳನ್ನು ಒಟ್ಟು ನೋಡಿದಾಗ ಇಂಥ ಸಾಧನಗಳಿಂದ ದಿನಕ್ಕೆ ಸುಮಾರು 1,800 ಹೆಜ್ಜೆ ಹೆಚ್ಚುತ್ತದೆ, ತೂಕ ಸುಮಾರು 1 ಕಿಲೋ ಇಳಿಯುತ್ತದೆ ಎಂದು ಕಂಡುಬಂತು. ಬ್ಯಾಂಡ್ ನಡೆಸುತ್ತದೆ. ತೂಕ ಇಳಿಸುವ ಕೆಲಸದಲ್ಲಿ ಅದರ ಪಾಲು ಸಣ್ಣದು.

ನಿದ್ರೆಯ ಬಗ್ಗೆ ಎರಡೇ ಮಾತು. ಅಲುಗಾಡದೆ ಮಲಗಿ ಎಚ್ಚರವಾಗಿದ್ದರೂ ಯಂತ್ರ ಅದನ್ನು ನಿದ್ರೆ ಎನ್ನುತ್ತದೆ. ಮಲಗಿದ, ಎದ್ದ ಹೊತ್ತುಗಳನ್ನು ನೋಡಲು ಅದು ಸಾಕು, ಗಾಢ ನಿದ್ರೆ ಎಷ್ಟು ನಿಮಿಷ ಎಂಬ ವಿವರಕ್ಕೆ ತಲೆ ಕೆಡಿಸಿಕೊಂಡು ಇದ್ದ ನಿದ್ರೆಯನ್ನೂ ಕಳೆದುಕೊಳ್ಳಬಾರದು.

ಕಾಯಿಲೆ ಪತ್ತೆಯ ವಿಷಯ ಸೂಕ್ಷ್ಮವಾದದ್ದು. ಆಪಲ್ ವಾಚ್ ಬಳಸಿ ಸ್ಟ್ಯಾನ್‌ಫರ್ಡ್ ನಡೆಸಿದ ಅಧ್ಯಯನದಲ್ಲಿ 4,19,297 ಜನರಿದ್ದರು. ನಾಡಿ ಲಯ ತಪ್ಪಿದೆ ಎಂಬ ಎಚ್ಚರಿಕೆ ಬಂದದ್ದು 2,161 ಮಂದಿಗೆ. ಅವರ ಪೈಕಿ ಎದೆಗೆ ಇಸಿಜಿ ಪಟ್ಟಿ ಅಂಟಿಸಿಕೊಂಡು ಮರಳಿಸಿದ 450 ಮಂದಿಯಲ್ಲಿ 34% ಜನರಿಗೆ ಹೃತ್ಕರ್ಣದ ಕಂಪನ ಕಂಡುಬಂತು. ಪಟ್ಟಿ ಬಂದದ್ದು ಎಚ್ಚರಿಕೆಯ ಕೆಲ ದಿನಗಳ ನಂತರ, ಈ ತೊಂದರೆ ಬಂದುಹೋಗುವಂಥದ್ದು. ಆದ್ದರಿಂದ ಉಳಿದವರ ಎಚ್ಚರಿಕೆಯೆಲ್ಲ ಸುಳ್ಳು ಎನ್ನುವಂತಿಲ್ಲ. ಎಚ್ಚರಿಕೆ ಬಂದರೆ ಡಾಕ್ಟರರ ಹತ್ತಿರ ಹೋಗಿ ಇಸಿಜಿ ಮಾಡಿಸಬೇಕು. ಎದೆ ನೋವಿದ್ದೂ ಎಚ್ಚರಿಕೆ ಬರಲಿಲ್ಲವೆಂದು ಸುಮ್ಮನಿರಬಾರದು, ಹೃದಯಾಘಾತವನ್ನು ಈ ಗಡಿಯಾರ ಹುಡುಕುವುದಿಲ್ಲ. ಚುಚ್ಚದೆಯೇ ಸಕ್ಕರೆ ಅಳೆಯುತ್ತೇವೆಂದು ಮಾರುವ ಗಡಿಯಾರ, ಉಂಗುರಗಳನ್ನಂತೂ ಮುಟ್ಟಲೇಬೇಡಿ. ಅಂಥ ಯಾವುದಕ್ಕೂ ಅನುಮತಿ ಕೊಟ್ಟಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತು. ಆ ಅಂಕಿ ನಂಬಿ ಇನ್ಸುಲಿನ್ ತೆಗೆದುಕೊಂಡವರ ಪ್ರಾಣಕ್ಕೇ ಕುತ್ತು.

ಕೊಳ್ಳುವಾಗ ಹಾಗಾದರೆ ಏನು ನೋಡಬೇಕು? ಮೊದಲು ನಿಮ್ಮ ಪ್ರಶ್ನೆಯನ್ನು. ದಿನಕ್ಕೆ ಎಷ್ಟು ನಡೆಯುತ್ತೇನೆ ಎಂಬುದಷ್ಟೇ ಬೇಕಿದ್ದರೆ ಜೇಬಿನ ಫೋನೇ ಎಣಿಸುತ್ತದೆ, ಇಲ್ಲವೇ ಅಗ್ಗದ ಬ್ಯಾಂಡ್ ಸಾಕು. ರಸ್ತೆಯಲ್ಲಿ ಓಡುವವರಿಗೆ ಸ್ವಂತ ಜಿಪಿಎಸ್ ಇರುವುದು ಬೇಕು, ಫೋನಿನ ಜಿಪಿಎಸ್ ಎರವಲು ಪಡೆಯುವುದಲ್ಲ. ಪೆಟ್ಟಿಗೆಯ ಮೇಲೆ ನೂರು ಕ್ರೀಡೆಗಳ ಪಟ್ಟಿ ಇರುವುದರಿಂದ ಏನೂ ಸಾಬೀತಾಗುವುದಿಲ್ಲ. ಬ್ಯಾಟರಿ ವಾರ ಬರುತ್ತದೆಯೇ ಎಂಬುದು ಅದಕ್ಕಿಂತ ಮುಖ್ಯ, ಚಾರ್ಜಿಗೆ ಬಿಚ್ಚಿಟ್ಟ ಗಡಿಯಾರ ಮೇಜಿನ ಮೇಲೆ ಮರೆತುಹೋಗುತ್ತದೆ. ಹಳೆಯ ದಾಖಲೆ ನೋಡಲು ತಿಂಗಳ ಶುಲ್ಕ ಕೇಳುತ್ತದೆಯೇ, ದಾಖಲೆಯನ್ನು ಹೊರತೆಗೆಯಲು ಬಿಡುತ್ತದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಿ.

ದಾಖಲೆ ಯಾರ ಕೈಗೆ ಹೋಗುತ್ತದೆ ಎಂಬುದೂ ಪ್ರಶ್ನೆಯೇ. ನೈನ್ ಸಿಂಗ್ ತಮ್ಮ ಟಿಪ್ಪಣಿಗಳನ್ನು ಪ್ರಾರ್ಥನಾ ಚಕ್ರದೊಳಗೆ ಬಚ್ಚಿಟ್ಟುಕೊಂಡು ನಡೆದರು. ಇಂದಿನ ದಾಖಲೆ ಹಾಗೆ ಗುಟ್ಟಾಗಿ ಉಳಿಯುವುದಿಲ್ಲ: ಓಟದ ದಾಖಲೆ ಇಡುವ ಆ್ಯಪ್ ಸ್ಟ್ರಾವಾ ಪ್ರಕಟಿಸಿದ್ದ ಜಾಗತಿಕ ನಕ್ಷೆಯಲ್ಲಿ ಸೈನಿಕರ ಓಟದ ಗೆರೆಗಳಿಂದಲೇ ಮರುಭೂಮಿಯ ಸೇನಾ ನೆಲೆಗಳ ಆಕಾರ ಬಯಲಾದದ್ದು 2018ರ ಜನವರಿಯಲ್ಲಿ ಸುದ್ದಿಯಾಯಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆರೋಗ್ಯದ ಮಾಹಿತಿಗೆ ಪ್ರತ್ಯೇಕ ಸೂಕ್ಷ್ಮ ವರ್ಗವನ್ನು ಇಟ್ಟಿಲ್ಲ. ಒಬ್ಬಂಟಿಯಾಗಿ ಓಡುವ ಹೆಣ್ಣುಮಕ್ಕಳು ಮನೆ ಬಾಗಿಲಿಂದ ಶುರುವಾಗುವ ದಾರಿಯನ್ನು ಎಲ್ಲರಿಗೂ ಕಾಣುವಂತೆ ಬಿಡಬಾರದು.

ನಮ್ಮ ಮನೆಗಳಲ್ಲಿ ಮಗ ಹೊಸ ಬ್ಯಾಂಡ್ ಕೊಂಡಾಗ ಹಳೆಯದು ಅಪ್ಪನ ಕೈಗೆ ಬರುತ್ತದೆ. ಆಗ ಹಳೆಯ ಖಾತೆಯನ್ನು ಅಳಿಸಿ ಅಪ್ಪನ ವಯಸ್ಸು, ಎತ್ತರ, ತೂಕ ತುಂಬಬೇಕು. 220ರಿಂದ ವಯಸ್ಸು ಕಳೆಯುವ ಹಳೆಯ ಸೂತ್ರವನ್ನೇ ಹಿಡಿದರೂ 30ರ ಮಗನ ಗರಿಷ್ಠ ಬಡಿತ 190, 65ರ ಅಪ್ಪನದು 155. ಈ ವಿವರಗಳನ್ನು ಬದಲಿಸದಿದ್ದರೆ ಅಪ್ಪನಿಗೆ ಏದುಸಿರಿನ ಶ್ರಮವಾದ 140ರ ಬಡಿತವನ್ನು ಯಂತ್ರ ಮಗನ ಲೆಕ್ಕದಲ್ಲಿ 'ಸಾಧಾರಣ' ಎನ್ನುತ್ತದೆ. ಮೊದಲ ಎರಡು ವಾರ ಗುರಿಯನ್ನೇ ಇಡದೆ ಅವರು ಎಂದಿನಂತೆ ಓಡಾಡಲಿ, ಆ ದಿನಗಳ ಸರಾಸರಿ ಬರೆದಿಡಿ. 3,000 ಬಂದರೆ ಮುಂದಿನ ತಿಂಗಳ ಗುರಿ 3,500.