ಮಲ್ಲರೆನಿಸಿದ ದೊರೆಗಳ ನಾಡಿನಲ್ಲಿ

ಸೇಡಂ ತಾಲೂಕಿನ ಮಳಖೇಡದಲ್ಲಿ, ಕಾಗಿಣಾ ನದಿಯ ದಡದ ಶಿಥಿಲವಾದ ಕೋಟೆಯೆದುರು ನಿಂತವರಿಗೆ ರಾಷ್ಟ್ರಕೂಟ ದೊರೆ ನೃಪತುಂಗನೂ ಅವನ ಆಸ್ಥಾನದ ಕವಿರಾಜಮಾರ್ಗವೂ ಮೊದಲು ನೆನಪಿಗೆ ಬರುವುದು ಸಹಜವೇ ಸರಿ. ನನ್ನ ಮನಸ್ಸನ್ನಾದರೋ ಬಹುಕಾಲದಿಂದ ಹಿಡಿದಿರುವುದು, 973ರಲ್ಲಿ ರಾಷ್ಟ್ರಕೂಟರಿಂದ ಈ ರಾಜ್ಯವನ್ನು ಕಸಿದುಕೊಂಡ ಚಾಲುಕ್ಯವಂಶದ ದೊರೆಗಳು ಧರಿಸಿದ ಬಿರುದುಗಳು: ಜಗದೇಕಮಲ್ಲ, ತ್ರೈಲೋಕ್ಯಮಲ್ಲ, ಭುವನೈಕಮಲ್ಲ, ತ್ರಿಭುವನಮಲ್ಲ, ಭೂಲೋಕಮಲ್ಲ. ತಂದೆಯಿಂದ ಮಗನಿಗೆ, ಅಣ್ಣನಿಂದ ತಮ್ಮನಿಗೆ ಸಿಂಹಾಸನ ಸಾಗಿದಂತೆ ಮಲ್ಲನೆಂಬ ಹೆಸರೂ ಸಾಗಿತು. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ, ಗ್ರಂಥಗಳನ್ನು ಕಾಯುವುದಕ್ಕೆಂದೇ ಸರಸ್ವತೀ ಭಂಡಾರಿಗರನ್ನು ಪಡೆದಿದ್ದ ಘಟಿಕಾಸ್ಥಾನದ 1058ರ ಶಾಸನವೂ ತ್ರೈಲೋಕ್ಯಮಲ್ಲನ ಆಳ್ವಿಕೆಯದೇ. ವಿದ್ಯೆಯನ್ನು ಪೋಷಿಸಿದ ಅರಸನೂ ಜಟ್ಟಿಯ ಹೆಸರಿನಿಂದ ಕರೆಯಿಸಿಕೊಳ್ಳಲು ಹೆಮ್ಮೆಪಟ್ಟ.

ಇವರಲ್ಲಿ ಭೂಲೋಕಮಲ್ಲನೆನಿಸಿದ ಮೂರನೆಯ ಸೋಮೇಶ್ವರನು, 1126ರಿಂದ 1138ರವರೆಗೆ ಕಲ್ಯಾಣದಿಂದ ಆಳಿದವನು, ತನ್ನ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದವನ್ನು ಪ್ರತ್ಯೇಕವಾಗಿ ನಿರೂಪಿಸಿದ್ದಾನೆ. ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಿ, ಭಾರಶ್ರಮ, ಭ್ರಮಣಶ್ರಮ, ಈಜಿನ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮ ಮುಂತಾದ ಸಾಧನೆಗಳನ್ನು ವಿಧಿಸಿ, ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆಗಳನ್ನು ಒದಗಿಸುವ ಹೊಣೆಯನ್ನು ಅರಸನ ಮೇಲೆಯೇ ಹೊರಿಸಿದ್ದಾನೆ. ಚಕ್ರವರ್ತಿಯೊಬ್ಬನು ತನ್ನ ಜಟ್ಟಿ ಕುಡಿಯುವ ಹಾಲನ್ನು ಕುರಿತು ಬರೆಯಲು ಕುಳಿತನಲ್ಲಾ ಎಂಬುದು ಪ್ರತಿಸಲವೂ ನನ್ನ ಮನಸ್ಸನ್ನು ಕರಗಿಸುತ್ತದೆ. ನಮ್ಮ ಜಟ್ಟಿಯೆಂಬ ಮಾತು ಆ ಜ್ಯೇಷ್ಠಿಯಿಂದಲೇ ಇಳಿದುಬಂದುದೆಂದು ಬಲ್ಲವರು ಹೇಳುತ್ತಾರೆ.

ನಮ್ಮ ಕಾಲದ ಮುಷ್ಟಿಮಲ್ಲ ಮುಹಮ್ಮದ್ ಅಲಿಯು 1960ರಲ್ಲಿ ರೋಮಿನಲ್ಲಿ ಚಿನ್ನದ ಪದಕ ಪಡೆದುದನ್ನೂ, 1964ರಲ್ಲಿ ಇಪ್ಪತ್ತೆರಡರ ಹರೆಯದಲ್ಲಿ ಸನ್ನಿ ಲಿಸ್ಟನ್ನನನ್ನು ಮಣಿಸಿ ಜಗಜಟ್ಟಿಯಾದುದನ್ನೂ ಲೋಕವೆಲ್ಲ ಬಲ್ಲುದು. ಆದರೆ ಭೂಲೋಕಮಲ್ಲನ ಉಪ್ಪುಂಡ ಮಲ್ಲರ ದರ್ಜೆಗಳಷ್ಟೇ ಉಳಿದವು, ಹೆಸರುಗಳು ಅಳಿದವು. ಆದರೂ ಅವರ ವಿದ್ಯೆಗೆ ಅಳಿವು ಬರಲಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು, ಅಲ್ಲಿಯ ಮಲ್ಲರು ಹಲ್ಲು ಮುರಿಯುವಂತೆ, ಕಣ್ಣು ಹೋಗುವಂತೆ ಗುದ್ದಾಡುತ್ತಿದ್ದರೆಂದೂ, ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರೆಂದೂ ಬೆರಗಿನಿಂದ ಬರೆದಿದ್ದಾನೆ. ಮೈಸೂರಿನ ದಸರೆಯ ವಜ್ರಮುಷ್ಟಿಯಲ್ಲಿ ಇಂದಿಗೂ ಜಟ್ಟಿ ಮನೆತನದವರು, ತಲೆ ಬೋಳಿಸಿ ಜುಟ್ಟಷ್ಟೇ ಉಳಿಸಿ, ಬೆರಳುಗಳಿಗೆ ಮೊನೆಯುಳ್ಳ ಆಯುಧ ತೊಟ್ಟು ಅರಮನೆಯ ಅಂಗಳಕ್ಕಿಳಿಯುತ್ತಾರೆ. ಮೊದಲ ರಕ್ತದ ಹನಿ ಕಂಡೊಡನೆ ಕಾಳಗ ನಿಲ್ಲುತ್ತದೆ.

ಮಳಖೇಡದ ಸುತ್ತಿನ ನಮ್ಮ ಸೀಮೆಯಲ್ಲಿ ಮುಷ್ಟಿಗಿಂತ ಪಟ್ಟೇ ಮೇಲಾಯಿತು. ನಿಜಾಮರ ಆಳ್ವಿಕೆಯ ಉರ್ದು ಬೆರೆತು ಗರಡಿಯು ತಾಲೀಮಾಯಿತು, ಗುರುವು ವಸ್ತಾದನಾದನು, ಜಟ್ಟಿಯು ಪೈಲವಾನನಾದನು. ಹಾಸುಗಲ್ಲು ಕೀಳುವ ಶಹಾಬಾದಿನಲ್ಲಿ, 1874ರಲ್ಲಿ ಸಿಕಂದರಾಬಾದಿಗೆ ರೈಲುದಾರಿ ತೆರೆದ ವಾಡಿಯಲ್ಲಿ, ಬೆನ್ನಿನ ಬಲವೇ ಅನ್ನವಾಗಿದ್ದ ಜನಕ್ಕೆ ಕಲ್ಲುಗುಂಡು ಎತ್ತುವವನು ಪರಕೀಯನೇ? ಚಿಂಚೋಳಿಯ ಕಡೆಯ ಜಾತ್ರೆಯೊಂದರಲ್ಲಿ, ಬೆಳ್ಳಿಯ ಖಡೆಗಾಗಿ ನಡೆಯುವ ಕಡೆಯ ಜೋಡಿಗೆ ಬಹಳ ಮೊದಲು, ಎಳೆಯರ ಕಾಯಿ ಕುಸ್ತಿ ನಡೆದಿತ್ತು; ಮೈಯೆಲ್ಲ ಮಣ್ಣಾದ ಹುಡುಗನೊಬ್ಬನು ಗೆದ್ದ ತೆಂಗಿನಕಾಯಿಯನ್ನು ಅಲ್ಲೇ ಕಲ್ಲಿಗೆ ಒಡೆದು, ಅಳುತ್ತ ಕುಳಿತಿದ್ದ ಎದುರಾಳಿಯ ಕೈಗೆ ಒಂದು ಹೋಳನ್ನು ಇಟ್ಟುದನ್ನು ಕಂಡೆನು.